ಒಂದೇ ಎಳೆತಕ್ಕೆ

ಜೂನ್ ತಿಂಗಳಲ್ಲಿ ಸಾಯ್ಮಾ ಸರೋವರದ ದಂಡೆಯಲ್ಲಿ
ರಾತ್ರಿ ಅನ್ನುವುದು ಬರೀ ಗಡಿಯಾರದ ಮಾತು.
ಹತ್ತೂವರೆಗೆ ಸೀಟಿ ಊದಿ "ಮಲಗಿ" ಎಂದರೆ
ಡೇರೆಗಳಿಂದ ಹದಿನಾಲ್ಕು ತಲೆ ಹೊರಬಂದು
ಆಕಾಶ ತೋರಿಸುತ್ತವೆ: ಇನ್ನೂ ಮುಗಿದಿಲ್ಲವಲ್ಲ?
ಮುಗಿದಿಲ್ಲ, ನಿಜ.
ನಾನೇನು ಮಾಡಲಿ,
ನನಗೆ ಸಂಬಳ ಗಡಿಯಾರದ ಲೆಕ್ಕಕ್ಕೆ.

ಚಳಿಗಾಲವೆಲ್ಲ ನಾನು ಮಿಕ್ಕೆಲಿ ಪೇಟೆಯಲ್ಲಿ
ಬೂಟಿನಂಗಡಿಯ ಉಗ್ರಾಣದವಳು.
ಬೇಸಿಗೆಯ ಆರು ವಾರ ಮಾತ್ರ
ಕೊರಳಲ್ಲಿ ಸೀಟಿ, ಸೊಂಟದಲ್ಲಿ ಚಾಕು,
ಒದ್ದೆ ಕಾಲುಚೀಲ, ಸೊಳ್ಳೆ, ಕಳೆದ ಚಮಚ ಎಲ್ಲಕ್ಕೂ
"ಹಿಲ್ಕಾ! ಹಿಲ್ಕಾ!"

"ಒಳ್ಳೆಯ ಗಂಟು ಯಾವುದು, ಗೊತ್ತೇ?"
ಮೊದಲ ದಿನ ಕೇಳುತ್ತೇನೆ.
"ಗಟ್ಟಿಯಾದದ್ದು!" ಒಕ್ಕೊರಲಿನ ಉತ್ತರ.
ಅಲ್ಲ. ಗಾಳಿ ಎಳೆದರೆ ಬಿಗಿಯಬೇಕು,
ಬೆರಳು ಎಳೆದರೆ ಬಿಡಬೇಕು.
ಹಗ್ಗದ ತುದಿ ಮಡಿಸಿ, ಕುಣಿಕೆಯೊಳಗೆ ನೂಕಿ, ಜಗ್ಗಿ,
ನೋಡಿ, ಒಂದೇ ಎಳೆತಕ್ಕೆ
ಸರ್ರನೆ!
ಒಂಬತ್ತು ಬೇಸಿಗೆ ಇದನ್ನೇ ಹೇಳಿದ್ದೇನೆ.
ನಾನು ಮಲಗಿದ ಮೇಲೂ ಬೆರಳು ಹೇಳುತ್ತಿರುತ್ತದೆ.

ಟೌಕೊ ಎಂಬ ಎಂಟು ವರ್ಷದವನು,
ಬಿತ್ತನೆ ಕಾಲದ ಹೆಸರು, ಮುಂದಿನ ಹಲ್ಲೊಂದು ಅಲುಗುತ್ತಿತ್ತು,
ಗೂಟದೆದುರು ಮಂಡಿಯೂರಿ
ಸುತ್ತಿದ. ಸುತ್ತಿದ್ದರ ಮೇಲೆ ಸುತ್ತಿದ.
ಅದರ ಮೇಲೊಂದು ಹಾಕಿ
ಅಲುಗದ ಹಲ್ಲುಗಳಲ್ಲಿ ಕಚ್ಚಿ ಜಗ್ಗಿದ.
ಕಗ್ಗಂಟು.
"ಇದು ಬಿಚ್ಚುವುದಿಲ್ಲವಲ್ಲೋ" ಎಂದೆ.
"ಅದಕ್ಕೇ" ಎಂದ.

ಅವನ ಅರ್ಜಿಯಲ್ಲಿ ವಿಳಾಸಕ್ಕಿದ್ದ ಒಂದೇ ಗೆರೆಯಲ್ಲಿ
ಎರಡು ವಿಳಾಸ ತುರುಕಿದ್ದರು,
ಎರಡು ಕೈಬರಹ, ಎರಡು ಶಾಯಿ.
ಸಮ ಸಂಖ್ಯೆಯ ವಾರ ಕುವೋಪಿಯೊ, ಬೆಸ ವಾರ ಲಾಹ್ತಿ.
ಬುಧವಾರ ಎಲ್ಲರೂ ಮನೆಗೆ ಕಾಗದ ಬರೆಯುವಾಗ
"ಇದು ಯಾವ ವಾರ?" ಅಂತ ಕೇಳಿದ.
ಅಡುಗೆಮನೆಗೆ ಹೋದೆ, ಕ್ಯಾಲೆಂಡರು ನೋಡಲು.
ವಾಪಸು ಬರುವಷ್ಟರಲ್ಲಿ ಹಾಳೆಯ ಮೇಲೆ
ಬಾಯ್ತುಂಬ ಹಲ್ಲಿನ ಒಂದು ಮೀನು ಬರೆದು
ತನ್ನ ಡೇರೆಯ ಬಾಗಿಲಿಗೇ ಸಿಕ್ಕಿಸಿಕೊಂಡಿದ್ದ.

ಎಂಟನೆಯ ರಾತ್ರಿ ಆಚೆ ದಡದಿಂದ ಗಾಳಿ ಬಂತು.
ಪೈನ್ ಮರಗಳು ಒಂದೇ ಕಡೆ ವಾಲಿ ನಿಂತವು.
ಅವನ ಡೇರೆಯೊಂದೇ ಉಳಿಯಿತು ಎಂದು
ಹೇಳಲು ನನಗೂ ಆಸೆ.
ಉಳಿಯಲಿಲ್ಲ. ಮರಳಿನಿಂದ ಗೂಟವೇ ಕಿತ್ತು ಬಂತು.
ಹದಿನಾಲ್ಕು ಮಕ್ಕಳನ್ನೂ ಸೌನಾ ಮನೆಯೊಳಗೆ ನೂಕಿ
ಎಣಿಸಿದೆ, ಮತ್ತೆ ಎಣಿಸಿದೆ.
ಹಲಗೆಗಳಿನ್ನೂ ಬೆಚ್ಚಗಿದ್ದವು. ಯಾರೋ ಬಿಕ್ಕುತ್ತಿದ್ದರು,
ಯಾರೋ ಸಾಸೇಜು ಉಳಿದಿದೆಯೇ ಎಂದು ಕೇಳುತ್ತಿದ್ದರು.
ಟೌಕೊ ಮೂಲೆಯಲ್ಲಿ, ತೊಡೆಯ ಮೇಲೆ ಆ ಗೂಟ,
ಗೂಟದಲ್ಲಿ ಹರಿದ ಹಗ್ಗ,
ಹಗ್ಗದಲ್ಲಿ ಗಂಟು ಇದ್ದ ಹಾಗೇ ಇತ್ತು.
ನನಗೆ ತೋರಿಸಿದ. ನಕ್ಕ.
ಹಲ್ಲು ಯಾವಾಗಲೋ ಬಿದ್ದುಹೋಗಿತ್ತು.

ಕೊನೆಯ ದಿನ ಸಾಮಾನಿನ ಲೆಕ್ಕ ಒಪ್ಪಿಸಬೇಕು.
ಉಗುರಿನಲ್ಲಿ ಕೆದಕಿದೆ, ಫೋರ್ಕಿನ ಮುಳ್ಳಿನಲ್ಲಿ ಮೀಟಿದೆ,
ನೀರಲ್ಲಿ ನೆನೆಹಾಕಿದೆ. ಜಪ್ಪಯ್ಯ ಅನ್ನಲಿಲ್ಲ.
ಕೈ ಸೊಂಟದ ಚಾಕುವಿಗೆ ಹೋಯಿತು.
ಅವನು ಏನೂ ಅನ್ನಲಿಲ್ಲ,
ಚಾಕುವನ್ನು ಮಾತ್ರ ನೋಡಿದ.

ಒಂದು ನೀಲಿ ಕಾರು ಬಂತು.
ಯಾವ ವಾರದ್ದು ಅಂತ ನಾನು ಕೇಳಲಿಲ್ಲ.
ಚೀಲದ ಜಿಪ್ಪು ಪೂರ್ತಿ ಎಳೆಯಲಾಗದೆ
ಗೂಟದ ತುದಿ ಹೊರಗೆ ಚಾಚಿತ್ತು.
ರಿಜಿಸ್ಟರಿನಲ್ಲಿ ಬರೆದೆ: ಗೂಟ ಒಂದು, ಗಾಳಿಗೆ ಕಳೆದಿದೆ.
ಮೂರು ಯೂರೊ ಎಪ್ಪತ್ತು ಸೆಂಟು
ಸಂಬಳದಲ್ಲಿ ಮುರಿದುಕೊಂಡರು.

ಸೋಮವಾರ ಹೊಸ ತಂಡ. ಅದೇ ದಂಡೆ, ಅದೇ ಹಗ್ಗ.
"ಒಳ್ಳೆಯ ಗಂಟು ಯಾವುದು, ಗೊತ್ತೇ?"
"ಗಟ್ಟಿಯಾದದ್ದು!"
ಮೊಣಕೈ ಮೇಲೆ ಸೊಳ್ಳೆ ಕೂತಿತ್ತು.
ಹೊಡೆಯಲಿಲ್ಲ.
ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.