ತೂತಿನ ರೊಟ್ಟಿ

ನಲವತ್ತು ವರ್ಷ ಪೈನ್ ದಿಮ್ಮಿ ಹೇರಿಕೊಂಡು
ಕುಹ್ಮೊದಿಂದ ಔಲುವಿಗೆ ಲಾರಿ ಓಡಿಸಿದ ತೌನೊಗೆ
ದಾರಿಯ ಪೆಟ್ರೋಲ್ ಬಂಕೇ ಅಡುಗೆಮನೆ:
ಬಿಳಿ ಬನ್ನು, ಸಾಸೇಜು, ಸಕ್ಕರೆ ಸುರಿದ ಕಾಫಿ.
ಅಗಿಯಲು ಪುರುಸೊತ್ತಿರಲಿಲ್ಲ,
ಅಗಿಯುವಂಥದ್ದೂ ಅದರಲ್ಲಿ ಇರಲಿಲ್ಲ.

ಬೆಳಿಗ್ಗೆ ಮಾತ್ರ ಪುರುಸೊತ್ತೇ ಪುರುಸೊತ್ತು.
ಪಾಯಿಖಾನೆಯಲ್ಲಿ ಕೂತು
ಗೋಡೆಯ ಕ್ಯಾಲೆಂಡರಿನ ಹನ್ನೆರಡೂ ತಿಂಗಳು ಓದಿ ಮುಗಿಸುತ್ತಿದ್ದ.
ಹೊರಗೆ ಹಳೆಯ ಲಾರಿ ಗುರುಗುಟ್ಟುತ್ತಿತ್ತು.
ಒಳಗೆ ಏನೂ ಹೊರಡುತ್ತಿರಲಿಲ್ಲ.

ಕಯಾನಿಯ ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ನೋಡಿದರು.
ಕಡಲೆಕಾಳಿನಷ್ಟು ಒಂದು ಗಂಟು. ತೆಗೆದರು.
ಈ ಸಲ ಪಾರಾದೆ, ಎಂದಳು ದಾದಿ ಐರಿ
ಕೈಗವಸು ಕಳಚುತ್ತ.
ಮಾತ್ರೆ ಚೀಟಿಯಲ್ಲಿ ಬರೆಯಬಹುದು,
ಅಗಿಯುವುದನ್ನು ಹೇಗೆ ಬರೆಯಲಿ?
ನಿನ್ನ ಪಕ್ಕದ ಮನೆಯ ಲೆಂಪಿ
ಇನ್ನೂ ರೈ ರೊಟ್ಟಿ ಸುಡುತ್ತಾಳಂತಲ್ಲ?

ಸುಡುತ್ತಾಳೆ. ಸೂರಿನಡಿ ಎರಡು ಗಳ,
ಗಳದ ತುಂಬ ನಡುವೆ ತೂತಿರುವ ಕಪ್ಪು ರೊಟ್ಟಿ.
ಲಾರಿಯವನ ಕಣ್ಣಿಗೆ ಸ್ಟೆಪ್ನಿ ಅಂಗಡಿ.
ಹಿಟ್ಟು ಕಲಸುವ ಮರದ ಮರಿಗೆಯನ್ನು
ತೊಳೆಯುವ ಹಾಗಿಲ್ಲ; ಅಂಟಿ ಒಣಗಿದ್ದೇ
ಮುಂದಿನ ಹಿಟ್ಟಿಗೆ ಹೆಪ್ಪು.
ಲೆಂಪಿಯ ಅತ್ತೆಯ ಅತ್ತೆ
ಕ್ಷಾಮದ ವರ್ಷ ಅದೇ ಮರಿಗೆಯಲ್ಲಿ
ಪೈನ್ ತೊಗಟೆ ಬೆರೆಸಿ ಕಲಸಿದ್ದಳಂತೆ.
ಅದು ಹೊಟ್ಟೆಗೆ ಹೇಳಿದ ಸುಳ್ಳು, ಎಂದಳು ಲೆಂಪಿ,
ಇದು ಹಾಗಲ್ಲ. ಇದರಲ್ಲಿ ಕಾಳು ಇಡಿಯಾಗಿದೆ,
ಅಂಗಿ ಕಳಚಿಲ್ಲ.

ತೌನೊಗೆ ಅರ್ಧ ಲೋಡು ಗೊತ್ತಿಲ್ಲ.
ಮೊದಲ ದಿನವೇ ಒಂದೂವರೆ ರೊಟ್ಟಿ,
ಮೇಲೆ ಗುರುವಾರದ ಬಟಾಣಿ ಸಾರು ಬೋಗುಣಿ ತುಂಬ.
ರಾತ್ರಿಯಿಡೀ ಹೊಟ್ಟೆ
ನೀರೆರಚಿದ ಸೌನಾ ಕಲ್ಲಿನಂತೆ ಬುಸುಗುಟ್ಟಿತು.
ನಾಯಿ ಎದ್ದು ಪಕ್ಕದ ಕೋಣೆಗೆ ಹೋಯಿತು.

ಬೆಳಿಗ್ಗೆ ಲೆಂಪಿ ಕೇಳಿದ್ದು ಒಂದೇ:
ನೀರು ಕುಡಿದೆಯಾ?
ಒಣ ನಾರು ಹಗ್ಗ ಕಣಪ್ಪ, ಗಂಟು ಬೀಳುತ್ತದೆ.
ನೆನೆದರೆ ತಾನೂ ಹೋಗುತ್ತದೆ,
ತಡೆದದ್ದನ್ನೂ ಕರೆದೊಯ್ಯುತ್ತದೆ.
ಒಂದು ಚೂರಿನಿಂದ ಶುರು ಮಾಡು.
ಗೇರು ಏರಿಸುವುದು ನನಗಿಂತ ನಿನಗೆ ಗೊತ್ತು.

ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು
ಅನ್ನುತ್ತೇವೆ ನಾವು,
ನಾರಿಗೆ ಸ್ವಂತ ದಾರಿಯೇ ಇಲ್ಲವೆಂಬಂತೆ.
ನೋಡಿ, ಇದು ಒಬ್ಬಂಟಿ ಇಳಿಯುತ್ತದೆ,
ಜಠರದ ಹುಳಿ ದಾಟಿ, ಸಣ್ಣ ಕರುಳಿನ ಸುರುಳಿ ದಾಟಿ;
ಓಡುವ ಸಕ್ಕರೆಯ ತೋಳು ಹಿಡಿದು
ಮೆಲ್ಲಗೆ ಹೋಗೋ ಎನ್ನುತ್ತದೆ,
ಪಿತ್ತವನ್ನು ಬಗಲಲ್ಲಿ ಕಟ್ಟಿಕೊಂಡು ಹೊರಗೊಯ್ದು
ರಕ್ತದ ಜಿಡ್ಡು ಇಳಿಸುತ್ತದೆ.
ಕೊನೆಯ ಕತ್ತಲಲ್ಲಿ ಕೋಟಿ ಕೋಟಿ ಜೀವ
ಎಲೆ ಹಾಸಿ ಕಾದು ಕೂತಿವೆ.
ನಮಗೆ ಅರಗದ್ದೇ ಅವಕ್ಕೆ ಊಟ.
ಉಂಡ ಋಣಕ್ಕೆ ಕರುಳಿನ ಗೋಡೆ ಸಾರಿಸುತ್ತವೆ.
ಎಷ್ಟು ವರ್ಷ ಹಸಿದಿದ್ದವೋ
ತೌನೊನ ಬನ್ನಿನ ಕೆಳಗೆ.

ಹೊಟ್ಟಿಗೂ ಹೊಟ್ಟೆಗೂ ನನ್ನ ಭಾಷೆಯಲ್ಲಿ
ಒಂದೇ ಸ್ವರದ ಅಂತರ.
ಅಷ್ಟು ಹತ್ತಿರದ ನೆಂಟನನ್ನು ತೂರಿ, ಜರಡಿ ಹಿಡಿದು
ದನದ ಕೊಟ್ಟಿಗೆಗೆ ಅಟ್ಟಿದವರು ನಾವು.
ದನ ಏನೂ ಹೇಳಲಿಲ್ಲ. ಮೆಲುಕು ಹಾಕಿತು.

ಮಾರ್ಚಿನಲ್ಲಿ ಐರಿ ಫೋನು ಮಾಡಿದಳು.
ಸಕ್ಕರೆ ಇಳಿದಿದೆ, ಅಂಕಿ ಹೇಳಲಾ?
ಅಂಕಿ ಬೇಡ, ಎಂದ ತೌನೊ,
ಕ್ಯಾಲೆಂಡರು ಈಗ ಜನವರಿ ದಾಟುವುದಿಲ್ಲ.

ಲೆಂಪಿಗೆ ಹಲ್ಲಿಲ್ಲ. ಮಜ್ಜಿಗೆಯಲ್ಲಿ ನೆನೆಸಿ ತಿನ್ನುತ್ತಾಳೆ.
ಶನಿವಾರ ಹಿಟ್ಟು ನಾದುವುದು ಇವನ ತೋಳು,
ಬೈಯುವುದು ಅವಳ ಬಾಯಿ.
ಕೂಲಿ ಒಂದು ರೊಟ್ಟಿ;
ಅದನ್ನು ಲಾರಿಯ ಗೇರಿನ ಕೋಲಿಗೆ ಸಿಕ್ಕಿಸಿಕೊಂಡು ಹೊರಡುತ್ತಾನೆ.

ಬಂಕಿನ ಹುಡುಗಿ ಕಿಟಕಿಯಲ್ಲಿ ಇಣುಕಿ ಕೇಳಿದಳು:
ಅದೇನದು, ತಿನ್ನುತ್ತಾರಾ ಅದನ್ನ?
ಬಾಯಿ ತುಂಬಿತ್ತು.
ತಾಳು, ಅಗಿದು ಮುಗಿಯಲಿ, ಎಂದು
ಬೆರಳೊಂದನ್ನು ಎತ್ತಿ ತೋರಿಸಿದ.
ಹಿಂದೆ ಕಾರುಗಳು ಹಾರ್ನು ಹೊಡೆಯುತ್ತಲೇ ಇದ್ದವು.