ಮೂವತ್ತೈದು ಸೆಕೆಂಡು

ಕೆಂಪು ಕವಚಕ್ಕೆ ಇಪ್ಪತ್ತೈದು.
ದೊಡ್ಡ ಜೀವಕ್ಕೆ ಮೂವತ್ತೈದು.
ಯಾರೋ ಎತ್ತಿಕೊಂಡ ಗಳಿಗೆಯಿಂದ ಎಣಿಕೆ.
ಮುಗಿದ ಕೂಡಲೆ ಅದೇ ಮೂಲೆಯಲ್ಲಿ ಅದೇ ವಸ್ತು
ಏನೂ ಆಗಿಲ್ಲವೆಂಬಂತೆ ಗಿರಗಿರ ತಿರುಗುತ್ತಿರುತ್ತದೆ.

ಕಾರವಾರದ ಕೈಕಿಣಿ ರಸ್ತೆ, ಮಹಡಿಯ ಮೇಲೆ
ಆರು ಕಂಪ್ಯೂಟರಿನ ಅಂಗಡಿ,
ರಾತ್ರಿ ಎಂಟಕ್ಕೆ ನಮ್ಮ ಯುದ್ಧ.
ನನಗೆ ಗುರಿಯಿಲ್ಲ, ಕೈ ನಿಧಾನ.
ಅದಕ್ಕೇ ಒಂದು ಪುಟ್ಟ ಪ್ರೋಗ್ರಾಮು ಬರೆದೆ:
ಪರದೆಯ ಬಲತುದಿಗೆ ಅಂಟಿಕೊಳ್ಳುವ
ಬೆಂಕಿಪೆಟ್ಟಿಗೆಯಷ್ಟು ಕಿಟಕಿ.
ಎಫ್ ಐದು ಒತ್ತಿದರೆ ಕವಚ, ಎಫ್ ಆರಕ್ಕೆ ಜೀವ,
ಐದು ಸೆಕೆಂಡು ಉಳಿದಾಗ ಟಿಂಟಿಂ.
ಮಾಲೀಕ ದಾಮೋದರ ರಾಯ್ಕರ ಮೊದಲ ದಿನ
ಯಾರದೋ ಮೊಬೈಲು ಅಂತ ಎಲ್ಲರನ್ನೂ ಬೈದ.

ಉಲ್ಲಾಸ ತಾಂಡೇಲನಿಗೂ ಹಾಕಿಕೊಟ್ಟೆ.
ಅವನು ನೋಡಲೇ ಇಲ್ಲ.
ಟಿಂಟಿಂ ಅನ್ನುವ ಮೊದಲೇ ಮೆಟ್ಟಿಲಿಳಿದು
ಬಾಗಿಲ ಹಿಂದೆ ನಿಂತಿರುತ್ತಿದ್ದ.
ನಾನು ಓಡಿ ಬಂದು ಸಾಯುತ್ತಿದ್ದೆ.
"ಗಡಿಯಾರ ಎಂತಕ್ಕೆ ಮಾರಾಯ?
ಮೂವತ್ತೈದು ಅಂದ್ರೆ
ಕಿವಿ ಒತ್ತಲಿಕ್ಕೆ ಹಿಡಿದು,
ಇನ್ನೊಂದು ಮುಷ್ಟಿ ಕೀಳುವಾ ಅನ್ನಿಸಿ,
ಬೇಡ ಅನ್ನಿಸಿ,
ಮೇಲೆ ಬರುವಷ್ಟು."

ಅವನು ನೀಲಿಕಲ್ಲು ಕೀಳುವವನು.
ಎದೆಯೊಳಗೆ ಏಕ, ದೋನ, ತೀನ ಅನ್ನುತ್ತ
ಮಾಜಾಳಿಯಾಚೆಯ ಬಂಡೆಗಳ ಬುಡಕ್ಕೆ ಮುಳುಗುವವನು,
ಸೊಂಟಕ್ಕೆ ಸಲಾಕೆ, ಕೊರಳಿಗೆ ಬಲೆಚೀಲ.

ಒಂದು ಭಾನುವಾರ ನಾನೂ ಹೋದೆ.
ದೋಣಿಯಂಚು ಹಿಡಿದು ಕೂತೆ.
ಅವನ ಅಂಗಾಲು ಮರೆಯಾಯಿತು.
ಬೆರಳು ತಾನಾಗಿ ಗಾಳಿಯಲ್ಲಿ ಎಫ್ ಆರು ಒತ್ತಿತು.
ಇಪ್ಪತ್ತು.
ಮೂವತ್ತೈದು.
ನಲವತ್ತಕ್ಕೆ ನನ್ನ ಬಾಯಿ ಒಣಗಿತು.
ಐವತ್ತೆರಡಕ್ಕೆ ತಲೆ ಎದ್ದಿತು,
ಚೀಲದಲ್ಲಿ ಬರೀ ನೀರು.

"ಬೋಳು," ಅಂದ. "ಪೂರಾ ಕೆರೆದು ಒಯ್ದಿದ್ದಾರೆ."
ಮತ್ತೆ ಬರಲಿಕ್ಕೆ ಎಷ್ಟು ದಿನ ಬೇಕು?
ತಲೆ ವಾಲಿಸಿ ಕಿವಿಯ ನೀರು ಕುಟ್ಟಿ ತೆಗೆದ.
"ಯಾವಾಗ ಒಯ್ದರು ಅಂತ ಗೊತ್ತಿದ್ರೆ ತಾನೇ?
ಗುಂಡಿ ಒತ್ತಿದವರು ಯಾರು?"

ಆ ರಾತ್ರಿ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ.
ಹೆಸರು: ನೀಲಿಕಲ್ಲು. ಕೀಲಿ: ಎಫ್ ಒಂಬತ್ತು.
ಸಮಯದ ಚೌಕ ಖಾಲಿ ಬಿಟ್ಟರೆ ಒಪ್ಪುವುದಿಲ್ಲ,
ಹಾಗೆ ಬರೆದವನು ನಾನೇ.
ಸೊನ್ನೆ ಹಾಕಿದೆ.
ಮರುದಿನ ಆಟದ ನಡುವೆ ಕೈತಪ್ಪಿ ಒತ್ತಿದೆ,
ಶುರುವಾಯಿತು ನೋಡಿ
ಟಿಂಟಿಂ ಟಿಂಟಿಂ ಟಿಂಟಿಂ,
ನಿಲ್ಲಿಸುವ ಗುಂಡಿ ನಾನು ಮಾಡಿರಲಿಲ್ಲ.
ದಾಮೋದರ ಮೇಜು ಗುದ್ದುತ್ತ ಬಂದ.
ಉಲ್ಲಾಸ ಮೊದಲ ಸಲ ನನ್ನ ಆ ಕಿಟಕಿಯತ್ತ ತಿರುಗಿ,
ಹೆಸರು ಓದಿ,
ಅಷ್ಟರಲ್ಲಿ ಸತ್ತ.