ಹೆಸರು ಬರೆಯುವವನು

ಬೂಢಿಗಂಗೆಯ ಆಚೆ ದಡ, ಕೆರಾಣಿಗಂಜ್.
ಕೆಸರಿನ ಮೇಲೆ ದಿಮ್ಮಿ, ದಿಮ್ಮಿಯ ಮೇಲೆ
ಮೂರಂತಸ್ತಿನ ಲಾಂಚು, ಇನ್ನೂ ನೀರು ಕಾಣದ್ದು.
ನಾನು ಹೆಸರು ಬರೆಯುವವನು.
ಬೆಸುಗೆಯವರು, ಸುತ್ತಿಗೆಯ ಹುಡುಗರು, ಕೆಂಪು ಬಳಿಯುವವರು
ಎಲ್ಲರೂ ಕೈ ತೊಳೆದಾದ ಮೇಲೆ ನನ್ನ ಪಾಳಿ:
ಹಗ್ಗದ ಹಲಗೆಯಲ್ಲಿ ಜೋತು
ಹಲ್ಲಲ್ಲಿ ಒಂದು ಕುಂಚ ಕಚ್ಚಿ.

ಇಲ್ಲಿ ಯಾವ ತಗಡೂ ಹೊಸದಲ್ಲ.
ಸೀತಾಕುಂಡದ ದಂಡೆಗೆ ಉಬ್ಬರದ ದಿನ ನುಗ್ಗಿಸಿ ನಿಲ್ಲಿಸಿದ
ಮುದಿ ಹಡಗುಗಳನ್ನು ಕೊಯ್ದು
ಲಾರಿಗೆ ಹೇರಿ ತಂದದ್ದು.
ಹಾಜಿ ತೋಫಜ್ಜಲ್ ಬೆರಳು ಮಡಚಿ ಎಣಿಸುತ್ತಾರೆ:
ತಗಡು ಲಾಂಚಿಗೆ, ಚೂರು ಕುಲುಮೆಗೆ,
ಕುಲುಮೆಯದು ಮನೆ ಕಟ್ಟುವವರ ಸರಳಿಗೆ,
ಕೈ ತೊಳೆಯುವ ಬೋಗುಣಿ ಭಾಟಿಯಾರಿಯ ಅಂಗಡಿಗೆ,
ಕಪ್ತಾನನ ಮಂಚ ನನ್ನ ಅಳಿಯನಿಗೆ.
ಏನೂ ಪೋಲಾಗುವುದಿಲ್ಲ ಇಲ್ಲಿ, ಬರೆದುಕೊಳ್ಳಿ.
ಕೋಪನ್‌ಹೇಗನ್ನಿನಿಂದ ಬಂದ ಹೆಣ್ಣುಮಗಳು ಬರೆದುಕೊಂಡಳು.
ಅವಳ ಬೂಟಿನ ತುಂಬ ಕೆಸರು. ಹಾಳೆ ಮಾತ್ರ ಬೆಳ್ಳಗೆ.

ಬರೆಯುವ ಮೊದಲು ಅಂಗೈ ಆಡಿಸಿ ನೋಡುವುದು ನನ್ನ ರೂಢಿ.
ಸೋಮವಾರ ಮೂತಿಯ ಬಳಿ, ಕೆಂಪು ಬಣ್ಣದಡಿ,
ಏನೋ ತಡೆಯಿತು.
ಬೆಸೆದು ಕೂರಿಸಿದ ಅಕ್ಷರಗಳು; ಉಜ್ಜಿದ್ದಾರೆ, ಸವೆದಿಲ್ಲ.
ಒಂದು ಅರ್ಧಚಂದ್ರ, ಒಂದು ಕಂಬ, ತಳವಿಲ್ಲದ ತ್ರಿಕೋನ.
ಯಾವ ದೇಶದ ಲಿಪಿಯೋ, ಯಾರ ಹೆಂಡತಿಯ ಹೆಸರೋ.
ಬರೆದವನ ಕೈ ಮಾತ್ರ ನಡುಗಿರಲಿಲ್ಲ.
ಚಳಿ ಇದ್ದಿರಬೇಕು ಅಲ್ಲಿ. ಅವನೂ ಜೋತಾಡಿದ್ದಿರಬೇಕು.

ಒಳಗೆ, ಬಣ್ಣ ತಾಗದ ಕಡೆ, ಅದೇ ತಗಡಿನ ಬೆನ್ನಿಗೆ
ಸುಣ್ಣದ ಕಡ್ಡಿಯಲ್ಲಿ ಗೀಚಿದ ಮೀನು.
ಮೂರೇ ಮುಳ್ಳು, ಬಾಲವಿಲ್ಲ.
ಮೊಖ್ಲೆಸನ ಗುರುತು.
ಅಕ್ಷರ ಬಾರದವನು ಕೂಲಿಯ ಲೆಕ್ಕಕ್ಕೆಂದು
ತಾನು ಕೊಯ್ದ ಪ್ರತಿ ತಗಡಿಗೂ ಒಂದು ಮೀನು ಬಿಡುತ್ತಿದ್ದ.
ನನ್ನ ತಂಗಿ ಕೊಹಿನೂರಳ ಗಂಡ.
ಈಗ ಗಾಯ್ಬಾಂಧಾದಲ್ಲಿ, ಮಂಚದ ಮೇಲೆ, ಮೂವತ್ತಾರು ವರ್ಷ.
ಉಸಿರೆಳೆದರೆ ಕೊಳವೆಯೊಳಗೆ ಮರಳು ಅಲ್ಲಾಡಿದ ಸದ್ದು.
ಹಡಗಿನ ಗೋಡೆಯೊಳಗಿಂದ ಹತ್ತಿಯಂಥದ್ದು ಉದುರುತ್ತಿತ್ತಂತೆ.
ಅದನ್ನೇ ತುಂಬಿ ದಿಂಬು ಮಾಡಿಕೊಂಡೆವು ಭಾಯಿ,
ಪೌಷದ ಚಳಿಗೆ ಬೆಚ್ಚಗಿತ್ತು, ಅಂದ.
ಅವನು ಬಿಟ್ಟುಬಂದ ಮರುವರ್ಷ ಆ ಅಂಗಳಕ್ಕೆ
ಸಿಮೆಂಟು ನೆಲ ಬಂತು, ಮುಖಕ್ಕೆ ಮುಸುಕು ಬಂತು,
ಗೋಡೆಗೊಂದು ಹಸಿರು ಪ್ರಮಾಣಪತ್ರ.
ಒಳ್ಳೆಯದೇ. ಸುಳ್ಳು ಯಾಕೆ ಹೇಳಲಿ, ಒಳ್ಳೆಯದೇ ಆಯಿತು.
ಆದರೂ ಹಾಜಿಯ ಹತ್ತು ಬೆರಳಲ್ಲಿ
ಮೊಖ್ಲೆಸನಿಗೆ ಒಂದು ಬೆರಳಿಲ್ಲ.

ಲಾಂಚಿಗೆ ಇಟ್ಟ ಹೆಸರು ಪುಬಾಲಿ, ಮೂಡಣ ಗಾಳಿ.
ಆ ಅರ್ಧಚಂದ್ರವನ್ನು ನಾನು ಮತ್ತೆ ಉಜ್ಜಿಸಲಿಲ್ಲ,
ಪು-ವಿನ ಕೊಂಬಿಗೆ ಸೇರಿಸಿಕೊಂಡೆ.
ಬಿಸಿಲು ಓರೆಯಾದಾಗ ಮಾತ್ರ ಉಬ್ಬು ಕಾಣುತ್ತದೆ.
ಒಳಗಿನ ಮೀನಿನ ಮೇಲೆ ಡಾಂಬರು ಬಳಿಯಲು ಬಂದ ಹುಡುಗನಿಗೆ
ಅದೊಂದನ್ನು ಕೊನೆಗೆ ಬಳಿ ಅಂದೆ.
ಸಂಜೆಗೆ ಅವನು ಅದನ್ನೂ ಬಳಿದಿದ್ದ.
ಕೂಲಿಯ ಹುಡುಗ, ಅವನದೇನು ತಪ್ಪು.

ರಾತ್ರಿ ಫೋನು ಮಾಡಿದೆ.
ಅಳುತ್ತಾನೆ ಅಂದುಕೊಂಡಿದ್ದೆ. ಮೊಖ್ಲೆಸ್ ಕೇಳಿದ್ದು ಇಷ್ಟೇ:
ತಗಡು ಎಷ್ಟು ದಪ್ಪ ಉಳಿದಿದೆ?
ಹತ್ತು ಮಿಲ್ಲಿ, ಅಂದೆ. ಇನ್ನೂ ನಲವತ್ತು ವರ್ಷ ತೇಲುತ್ತದೆ.
ಹೌದಾ, ಎಂದು ನಕ್ಕ. ನಗು ಕೆಮ್ಮಾಯಿತು.
ಕೆಮ್ಮು ಮುಗಿಯುವವರೆಗೆ
ಫೋನು ಕಿವಿಗೆ ಹಿಡಿದೇ ಕೂತಿದ್ದೆ,
ಬೆರಳಲ್ಲಿ ಇನ್ನೂ ಹಸಿ ಬಣ್ಣ.